ನಿಂಬೆ ಸಾಲಿಗೆ ಬೈರಮ್ಮ ಕೇಳಿದ ಹದಿನೈದು ದಿನ

ಬೆಳಿಗ್ಗೆ ಆರು ಗಂಟೆ. ಕೆಂಗಲ್ ಹತ್ತಿರದ ಅರ್ಧ ಎಕರೆ ಚಿಟ್ಟೆ ತೋಟದಲ್ಲಿ ಇನ್ನೂ ಒಂದು ಚಿಟ್ಟೆಯೂ ಎದ್ದಿಲ್ಲ. ಬೈರಮ್ಮ ಎದ್ದು ಬಂದಿದ್ದಾರೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಎಲೆಯೆಲ್ಲ ಖಾಲಿಯಾದ ನಿಂಬೆ ಸಾಲಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾರೆ. ಕಡ್ಡಿಗಳ ಮೇಲೆ ಹತ್ತೊಂಬತ್ತು ಕೋಶಗಳು, ನಡುವಿಗೆ ಒಂದೊಂದು ನೂಲೆಳೆ ಕಟ್ಟಿಕೊಂಡು ಒರಗಿ ನಿಂತಿವೆ. ಅತ್ತ ಗೇಟಿನ ಬಳಿ ಅರವತ್ತು ಕ್ರೋಟನ್ ಕುಂಡಗಳು ಬಂದು ಇಳಿದಿವೆ. ಇವತ್ತು ಕೋಶ ಒಡೆಯದಿದ್ದರೆ ನಾಳೆ ನಿಂಬೆ ಕಿತ್ತು ಅಲ್ಲಿ ಕ್ರೋಟನ್ ನೆಡಬೇಕು. ಮೇಲ್ವಿಚಾರಕ ಕೆಂಪರಾಜು ಜೊತೆ ಆಗಿರುವ ಮಾತು ಅದು.

"ನೆನ್ನೆ ಸಂಜೆಗೇ ಕಪ್ಪಿಟ್ಟವೆ. ಒಳಗಿನ ರೆಕ್ಕೆ ಬಣ್ಣ ಸಿಪ್ಪೆಯಾಚೆಗೆ ಕಾಣ್ತೈತೆ. ಇವತ್ತು ಬರ್ಲೇಬೇಕು," ಎನ್ನುತ್ತಾರೆ ಬೈರಮ್ಮ. ದನಿಯಲ್ಲಿ ಮಾತ್ರ ಒಸಿ ಅಳುಕಿದೆ.

ಐವತ್ತನಾಲ್ಕರ ಬೈರಮ್ಮ ಬೈರಾಪಟ್ಟಣದವರು. ಮೂವತ್ತೊಂದು ವರ್ಷ ರೇಷ್ಮೆ ಹುಳು ಮೇಯಿಸಿದ ಕೈ. ನಾಲ್ಕು ವರ್ಷದ ಹಿಂದೆ ಪಕ್ಕದ ಟೊಮೇಟೊ ಹೊಲಕ್ಕೆ ಹೊಡೆದ ಔಷಧಿ ಗಾಳಿಗೆ ಬಂದು ಇವರ ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತಿತು. ಅದನ್ನು ತಿಂದ ಹುಳುಗಳೆಲ್ಲ ತಟ್ಟೆಯಲ್ಲೇ ಸತ್ತು ಮಲಗಿದವು. ಮತ್ತೊಂದು ಬೆಳೆಯೂ ಹಾಗೇ ಹೋಯಿತು. ಹುಳುಮನೆಗೆ ಬೀಗ ಹಾಕಿ ಇಲ್ಲಿ ದಿನಗೂಲಿಗೆ ಸೇರಿದರು. ಈಗ ದಿನಕ್ಕೆ ಎಂಬತ್ತು ಬಿಂದಿಗೆ ನೀರು ಹೊರುತ್ತಾರೆ, ಕಳೆ ತೆಗೆಯುತ್ತಾರೆ, ಬಂದವರಿಗೆ ಚಿಟ್ಟೆ ತೋರಿಸುತ್ತಾರೆ.

ಎರಡು ವಾರದ ಹಿಂದೆ ಕೆಂಪರಾಜು ಬೆನ್ನಿಗೆ ಸ್ಪ್ರೇ ಕ್ಯಾನ್ ಏರಿಸಿಕೊಂಡು ಬಂದಾಗ ಅಡ್ಡ ನಿಂತವರು ಇವರೇ.

"ಬೈರಕ್ಕ, ತಿಂಗಳ ಕೊನೆಗೆ ಇಸ್ಕೂಲ್ ಮಕ್ಕಳು ಬತ್ತಾರೆ. ಈ ಸಾಲು ನೋಡಿದ್ರೆ ಮೇಕೆ ನುಗ್ಗಿದಂಗೈತೆ. ಔಸ್ದಿ ಹೊಡೆದ್ಬುಡ್ತೀನಿ, ಅತ್ಲಾಗೆ ಸರೀರಿ."

"ಚಿಟ್ಟೆ ತೋಟ ಅಂತ ಬೋರ್ಡ್ ಹಾಕ್ಕಂಡು ಚಿಟ್ಟೆ ಮಕ್ಕಳಿಗೇ ಔಸ್ದಿ ಹೊಡೀತೀಯೇನ್ ರಾಜಣ್ಣ?"

"ಇವು ಚಿಟ್ಟೆ ಮಕ್ಕಳೇ ಅನ್ನಕ್ಕೆ ಆಧಾರ್ ಕಾರ್ಡ್ ಐತಾ?"

"ಐತೆ, ಬಗ್ಗಿ ನೋಡು. ಚಿಕ್ಕವಿದ್ದಾಗ ಕಾಗೆ ಹಿಕ್ಕೆ ಹಾಕಿದಂಗಿದ್ದೋ. ನಾಲ್ಕನೇ ಜ್ವರ ಎದ್ದ ಮೇಲೆ ಎಲೆಹಸುರಾದೋ. ಇನ್ನೈದು ದಿನ ಮೇಯ್ತವೆ, ಹತ್ತು ದಿನ ಮಲಗ್ತವೆ. ಹದಿನೈದನೇ ದಿನ ಹಾರ್ದಿದ್ರೆ ನಾನೇ ಗುದ್ದಲಿ ತಗತೀನಿ."

ಜ್ವರ ಅಂದರೆ ಕಾಯಿಲೆಯಲ್ಲ. ಹುಳು ಮೇವು ಬಿಟ್ಟು, ತಲೆಯೆತ್ತಿ ಅಲುಗಾಡದೆ ಮಲಗಿ, ಪೊರೆ ಕಳಚಿ ಏಳುವುದಕ್ಕೆ ರೇಷ್ಮೆ ಸೀಮೆಯ ಹೆಸರು. ನಾಲ್ಕು ಜ್ವರ ದಾಟಿದ ರೇಷ್ಮೆ ಹುಳು ಗೂಡಿಗೆ ಹತ್ತಿರ. ನಿಂಬೆಯ ಹುಳುವಿಗೂ ನಾಲ್ಕೇ ಜ್ವರ ಎಂಬುದನ್ನು ಬೈರಮ್ಮ ಕಣ್ಣಲ್ಲೇ ಎಣಿಸಿ ತಿಳಿದರು.

ಅದೇ ರೇಷ್ಮೆ ಕಣ್ಣು ಮೊದಲ ವರ್ಷ ಅವರಿಗೆ ಮೋಸ ಮಾಡಿತ್ತು. ನಿಂಬೆ ಹುಳು ಹಣ್ಣಾಗಿ ಗೂಡಿಗೆ ಸಿದ್ಧವಾಯಿತೆಂದು ಮನೆಯಿಂದ ರೇಷ್ಮೆ ಗೂಡು ಕಟ್ಟಿಸುವ ಬಿದಿರಿನ ತಟ್ಟಿ, ಚಂದ್ರಂಕಿ, ತಂದು ಗಿಡದ ಬುಡಕ್ಕೆ ಒರಗಿಸಿದ್ದರು, ಅದನ್ನೇರಿ ಗೂಡು ಕಟ್ಟಲಿ ಎಂದು. ಒಂದೂ ಕಟ್ಟಲಿಲ್ಲ, ಬರಿಮೈಯಲ್ಲೇ ಕೋಶವಾದವು. "ನಮ್ಮಲ್ಲಿ ಗೂಡು ಕಟ್ದೆ ಬತ್ತಲೆ ಉಳಿದ ಹುಳ ಅಂದ್ರೆ ರೋಗದ್ದು. ಇಪ್ಪತ್ತಕ್ಕೂ ಮೇಲೆ ಆಯ್ದು ಬೆಂಕಿಗೆ ಹಾಕ್ಬುಟ್ಟೆ," ಎಂದು ತಲೆ ತಗ್ಗಿಸುತ್ತಾರೆ. ಕಣ್ತಪ್ಪಿ ಚಂದ್ರಂಕಿ ಹಿಂದೆ ಉಳಿದಿದ್ದ ಒಂದೇ ಒಂದು ಕೋಶ ವಾರದ ಮೇಲೆ ಒಡೆದು ಚಿಟ್ಟೆ ಹಾರಿತು. ಅವತ್ತು ಮಧ್ಯಾಹ್ನ ಅವರು ಬುತ್ತಿ ಬಿಚ್ಚಲಿಲ್ಲ.

ಕನಕಪುರದ ಕಾಲೇಜಿನಲ್ಲಿ ಪಾಠ ಹೇಳುವ ಸುಮನಾ ವಿದ್ಯಾರ್ಥಿಗಳನ್ನು ಆಗಾಗ ಇಲ್ಲಿಗೆ ಕರೆತರುತ್ತಾರೆ. ಅವರ ಚಿತ್ರಪಟದಲ್ಲಿ ಇಂಗ್ಲಿಷ್ ಹೆಸರುಗಳಿವೆ. ಬೈರಮ್ಮನದು ಬೇರೆ ಲೆಕ್ಕ: ಮರಿ ಯಾವ ಸೊಪ್ಪು ತಿಂದಿತೋ ಅದೇ ಮನೆತನ. ಎಕ್ಕದವಳು, ಈಶ್ವರಿ ಬಳ್ಳಿಯವಳು, ಕರಿಬೇವಿನವಳು. ಕಪ್ಪು ಮೈಮೇಲೆ ಹಳದಿ ಚುಕ್ಕೆ, ಹಿಂದಿನ ರೆಕ್ಕೆಯಲ್ಲಿ ಒಂದು ಕೆಂಪು ಬೊಟ್ಟು, ಬಾಲವಿಲ್ಲ ಅಂದರೆ ನಿಂಬೆಯವಳು. ಇಂಥ ಇಪ್ಪತ್ತೆಂಟು ಮನೆತನ ಅವರಿಗೆ ಗೊತ್ತು.

ಒಮ್ಮೆ ಸುಮನಾ ಅವರೇ ಎಡವಿದ್ದರು. ಕಪ್ಪು ರೆಕ್ಕೆಗೆ ಕೆಂಪು ಚುಕ್ಕೆಯಿದ್ದ ಚಿಟ್ಟೆಯನ್ನು ಈಶ್ವರಿ ಬಳ್ಳಿಯದೆಂದು ಮಕ್ಕಳಿಗೆ ಬರೆಸುತ್ತಿದ್ದಾಗ ಬೈರಮ್ಮ ಕಳೆ ಕೀಳುತ್ತಲೇ ಕೂಗಿ ಹೇಳಿದರು: "ಸೀರೆ ನೋಡಿ ಮೋಸೋಗ್ಬೇಡಿ ಮೇಡಮ್ಮೋರೆ, ಮೈ ನೋಡಿ. ಈಶ್ವರಿಯವಳ ಮೈ ಕೆಂಪು. ಇವಳ ಮೈ ಕಪ್ಪು, ಕರಿಬೇವಿನವಳು. ಅವಳು ವಿಷದೋಳು ಅಂತ ಹಕ್ಕಿ ಮುಟ್ಟಲ್ಲ, ಅದಕ್ಕೇ ಇವಳು ಅವಳ ಸೀರೆ ಉಟ್ಕಂಡವ್ಳೆ." ಸುಮನಾ ನಗುತ್ತಾ ಪುಸ್ತಕದಲ್ಲಿ ತಿದ್ದಿಕೊಂಡರು.

ಏಳೂವರೆಯಾಯಿತು. ಆರು ಕೋಶಗಳಲ್ಲಿ ಸೂಜಿಮೊನೆಯ ತೂತು ಕಂಡು ಬೈರಮ್ಮ ಕಿತ್ತು ಪಕ್ಕಕ್ಕಿಡುತ್ತಾರೆ. "ಊಜಿ ಹೊಡೆದೈತೆ," ಎನ್ನುತ್ತಾರೆ. ಇಲ್ಲಿ ಅದು ರೇಷ್ಮೆ ಹುಳುವಿನೊಳಗೆ ಬೆಳೆದು ಅದನ್ನು ಕೊಲ್ಲುವ ಊಜಿ ನೊಣವಲ್ಲ, ಪುಟ್ಟ ಕಣಜ. ಅವರ ಬಾಯಲ್ಲಿ ಮಾತ್ರ ಊಜಿಯೇ. ಉಳಿದದ್ದು ಹದಿಮೂರು.

ಅಷ್ಟರಲ್ಲಿ ಬೈಕ್ ನಿಲ್ಲಿಸಿ ಕೆಂಪರಾಜು ಬರುತ್ತಾರೆ. "ಏನ್ ಬೈರಕ್ಕ, ಗುದ್ದಲಿ ತರಾನಾ?"

ಬೈರಮ್ಮ ಬೆರಳು ತೋರಿಸುತ್ತಾರೆ. ಮೂರನೇ ಗಿಡದ ಕಡ್ಡಿಯಲ್ಲಿ ಕೋಶದ ನೆತ್ತಿ ಬಿರಿದು, ಒದ್ದೆ ತಲೆಯೊಂದು ಹೊರಬರುತ್ತಿದೆ. ಕೆಂಪರಾಜು ಕೂರುತ್ತಾರೆ. ಹೆಲ್ಮೆಟ್ ತೆಗೆಯುವುದೂ ಮರೆತಿದೆ.

"ಅಯ್ಯೋ, ರೆಕ್ಕೆ ಮುದುರೋಗೈತಲ್ಲ."

"ಸುಮ್ಕಿರು, ಒಣಗ್ಲಿ. ನೀನು ಹುಟ್ದಾಗ ಎಂಗಿದ್ದೆ ಅಂತ ನಿಮ್ಮವ್ವನ್ನ ಕೇಳು."

ಒಂಬತ್ತರ ಹೊತ್ತಿಗೆ ಹನ್ನೊಂದು ಹೊರಬರುತ್ತವೆ. ಬಿಸಿಲು ತಾಗಿದ ಹಾಗೆ ಒಂದೊಂದೇ ರೆಕ್ಕೆ ಬಿಚ್ಚಿ ಏಳುತ್ತವೆ. ನಿಂಬೆಯ ಬೋಳು ಕಡ್ಡಿಗಳಲ್ಲಿ ಚಿಗುರು ಒಡೆದಿರುವುದೂ ಆಗಲೇ ಕೆಂಪರಾಜು ಕಣ್ಣಿಗೆ ಬೀಳುತ್ತದೆ. ಕ್ರೋಟನ್ ಕುಂಡಗಳನ್ನು ದಾರಿಯ ಪಕ್ಕ ಜೋಡಿಸುವಂತೆ ಫೋನಿನಲ್ಲಿ ಯಾರಿಗೋ ಹೇಳಿ, "ಇಲ್ಲಿಗೊಂದು ಬೋರ್ಡ್ ಬರೆಸ್ತೀನಿ ಬೈರಕ್ಕ. ನಿಮ್ಮ ಹೆಸರೂ ಹಾಕಿಸ್ಲಾ?" ಎಂದು ಕೇಳುತ್ತಾರೆ.

ಬೈರಮ್ಮ ಬಿಂದಿಗೆ ಎತ್ತಿಕೊಳ್ಳುತ್ತಾರೆ.

"ನನ್ನೆಸರು ಯಾಕಪ್ಪ. ಮೂವತ್ತೊಂದು ವರ್ಸ ಹುಳ ಮೇಯ್ಸಿ, ಗೂಡೆಲ್ಲ ಬೇಯ್ಸಕ್ಕೆ ಮಾರಿ, ಒಂದನ್ನೂ ಹಾರಕ್ಕೆ ಬುಡ್ದೋಳು ನಾನು. ಎಲೆ ತೂತಾಗಿದ್ರೆ ಗಿಡಕ್ಕೆ ರೋಗ ಬಂದಿಲ್ಲ, ಮನೇಲಿ ಮಕ್ಕಳವೆ ಅಂತ ಬರೆಸು, ಸಾಕು."