ತಾತನ ಕೋವಿಯನ್ನೂ ಬಿಡದ ಜೊಲೀನ್ ಹಾಕನ್ಸನ್

ಮನೆಯೊಳಗಿನ ಹಿಂಸೆಗೆ ನೊಂದವರಿಗೆ ನ್ಯಾಯಾಲಯ ಕೊಡುವ ರಕ್ಷಣಾ ಆದೇಶವನ್ನು ಬರಿಯ ಕಾಗದವಾಗಿ ಉಳಿಯಗೊಡದೆ ಕಾಪಾಡಿದವರು ಯಾರೆಂದು ನಮ್ಮ ಉತ್ತರ ವಿಸ್ಕಾನ್ಸಿನ್ನಿನ ಟ್ಯಾಮರಾಕ್ ಕೌಂಟಿಯಲ್ಲಿ ಕೇಳಿದರೆ, ನ್ಯಾಯಾಧೀಶರಿಂದ ಹಿಡಿದು ಪೆಟ್ರೋಲ್ ಬಂಕಿನವರವರೆಗೆ ಎಲ್ಲರೂ ಕೌಂಟಿಯ ಪೊಲೀಸ್ ಕೆಲಸ ನೋಡಿಕೊಳ್ಳುವ ಷೆರಿಫ್ ಕಚೇರಿಯ ಡೆಪ್ಯುಟಿ ಶ್ರೀಮತಿ ಜೊಲೀನ್ ಹಾಕನ್ಸನ್ ಅವರ ಹೆಸರನ್ನೇ ಹೇಳುತ್ತಾರೆ. ಕೆಲವರು ಕೃತಜ್ಞತೆಯಿಂದ ಹೇಳುತ್ತಾರೆ, ಕೆಲವರು ಹಲ್ಲು ಕಡಿಯುತ್ತಾ ಹೇಳುತ್ತಾರೆ. ಈ ತಿಂಗಳು ನಿವೃತ್ತರಾಗುತ್ತಿರುವ ಅವರಿಗೆ ಈ ಎರಡೂ ಭೂಷಣಗಳೆಂದೇ ನಾನು ತಿಳಿದಿದ್ದೇನೆ.

ಆದೇಶಕ್ಕೆ ಒಳಗಾದವನು ಅದು ಜಾರಿಯಲ್ಲಿರುವವರೆಗೆ ತನ್ನ ಬಂದೂಕುಗಳನ್ನು ಒಪ್ಪಿಸಬೇಕೆಂಬುದು ಕಾನೂನು. ಜೊಲೀನ್ ಅವರು ಸೇವೆಗೆ ಸೇರಿದ ಕಾಲಕ್ಕೆ ಅದರ ಪಾಲನೆ ಫೋನಿನಲ್ಲಿ ನಡೆಯುತ್ತಿತ್ತು. "ಕೊಟ್ಟಾಯ್ತಾ?" ಎಂದು ಇತ್ತಲಿಂದ, "ಆಯ್ತು" ಎಂದು ಅತ್ತಲಿಂದ, ಅಲ್ಲಿಗೆ ನ್ಯಾಯ ಮುಗಿಯಿತು. ಜಿಂಕೆ ಬೇಟೆಯ ಮೊದಲ ದಿನವನ್ನು ಹಬ್ಬವೆಂದು ಆಚರಿಸುವ ಊರಿನಲ್ಲಿ ಒಬ್ಬನ ಕೋವಿ ಕೇಳುವುದೆಂದರೆ ಅವನ ಮಾನಕ್ಕೆ ಕೈ ಹಾಕಿದಂತೆ ಎಂದು ಅಧಿಕಾರಿಗಳೇ ಹಿಂಜರಿಯುತ್ತಿದ್ದರು. ಜೊಲೀನ್ ಅವರು ಹಿಂಜರಿಯಲಿಲ್ಲ. ಬೆಳಗಿನ ಕಾಫಿಯ ಹೊತ್ತಿಗೆ ತಾವೇ ಹೋಗಿ ಬಾಗಿಲು ತಟ್ಟುತ್ತಿದ್ದರು.

"ತಗೊಂಡು ಹೋಗಿ ತುಕ್ಕು ಹಿಡಿಸ್ತೀರಿ" ಎಂದು ಯಾರಾದರೂ ಗೊಣಗಿದರೆ, "ನಿನಗಿಂತ ಚೆನ್ನಾಗಿ ನೋಡ್ಕೋತೀನಿ. ಬೇಕಾದ್ರೆ ಬಂದು ನೋಡು, ಮುಟ್ಟೋ ಹಾಗಿಲ್ಲ ಅಷ್ಟೆ" ಎನ್ನುತ್ತಿದ್ದರು. ಮಾತಿಗೆ ತಪ್ಪಲಿಲ್ಲ. ಪ್ರತಿ ಶರತ್ಕಾಲದಲ್ಲೂ ಕಚೇರಿಯ ಬೀಗದ ಕೋಣೆಯಲ್ಲಿ ಕುಳಿತು, ಕಂಡವರ ಕೋವಿಗಳನ್ನೆಲ್ಲ ಒಂದೊಂದಾಗಿ ಒರೆಸಿ ಎಣ್ಣೆ ಹಚ್ಚುತ್ತಿದ್ದರು. ಸಹೋದ್ಯೋಗಿಗಳು ಆ ಕೋಣೆಗೆ "ಅಕ್ಕನ ಶಿಶುವಿಹಾರ" ಎಂದು ಹೆಸರಿಟ್ಟು ನಗುತ್ತಿದ್ದರು. ಆದರೆ ಆ ಎಣ್ಣೆಯ ಸುದ್ದಿ ಊರೆಲ್ಲ ಹಬ್ಬಿದ ಮೇಲೆ, ಜಗಳವಾಡಿಕೊಂಡಾದರೂ ಜನ ಕೋವಿ ತಂದು ಒಪ್ಪಿಸತೊಡಗಿದರು.

ನಾನು, ಟ್ರೂಡಿ, ಇಂದು ಇದೇ ಕೌಂಟಿಯ ನ್ಯಾಯಾಲಯದಲ್ಲಿ ಅರ್ಜಿಗಳನ್ನು ಸ್ವೀಕರಿಸುವ ಗುಮಾಸ್ತೆ. ಈಗ ನಾನು ಕೂರುವ ಕಿಟಕಿಯ ಮುಂದೆ ಮೊದಲ ಸಲ ನಿಂತಾಗ ನಾನೇ ಅರ್ಜಿದಾರಳಾಗಿದ್ದೆ. ಗಂಡ ಗ್ಯಾರೆಟ್ ವೊಯ್ಟಾ ಒಂದು ಸಂಜೆ ನಾನು ಊಟ ಬಡಿಸುತ್ತಿರುವಾಗ ಕೋವಿಯನ್ನು ನನ್ನತ್ತ ಗುರಿ ಮಾಡಿ ಮೇಜಿನ ಮೇಲಿಟ್ಟು, ಉಪ್ಪು ಕೇಳಿದ್ದ. ಆದೇಶವಾಯಿತು; ಅವನು ಬೇರೆಡೆಗೆ ಹೋದ; ಮನೆಯ ಬಂದೂಕುಗಳನ್ನು ಒಪ್ಪಿಸಿದ. ಜೊಲೀನ್ ಅವರು ಮತ್ತೆ ನನ್ನಲ್ಲಿಗೆ ಬಂದರು.

"ಎಲ್ಲಾ ಕೊಟ್ಟನಾ?"

"ಎಲ್ಲಾ ಕೊಟ್ಟ, ಅಕ್ಕಾ."

"ಹಾಗಾದ್ರೆ ಬೇಟೆಗೆ ಏನು ಹಿಡ್ಕೊಂಡು ಹೋಗ್ತಾನೆ?"

"ಅದಾ? ಅದು ಅವರ ತಾತಂದು. ಬೇಟೆ ಮನೇಲಿ ಮೊಳೆಗೆ ನೇತು ಹಾಕಿರತ್ತೆ."

"ಅದ್ರಲ್ಲಿ ಗುಂಡು ಹಾರತ್ತೋ ಇಲ್ವೋ?"

ನಾನು ಸುಳ್ಳು ಹೇಳಿರಲಿಲ್ಲ. ನಮ್ಮ ಕಡೆಯ ಯಾವ ಮನೆಯಲ್ಲೂ ತಾತನ ಕೋವಿಯನ್ನು ಬಂದೂಕುಗಳ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ಗೋಡೆಯ ಮೇಲಿನ ಹಿರಿಯರ ಪಟದ ಹಾಗೆ ಮನೆತನಕ್ಕೆ ಸೇರಿದ್ದು.

ಬೇಟೆ ಶುರುವಾಗುವ ಹಿಂದಿನ ದಿನ ವೊಯ್ಟಾ ಮನೆತನದ ಗಂಡಸರೆಲ್ಲ ಕಾಡಿನ ಬೇಟೆ ಮನೆಯಲ್ಲಿ ಸೇರಿ ಇಸ್ಪೀಟು ಆಡುತ್ತಿದ್ದರು. ಸಂಜೆಗೆ ಗ್ಯಾರೆಟ್ ಬರುವವನಿದ್ದ. ಜೊಲೀನ್ ಅವರು ಒಬ್ಬರೇ ಒಳಗೆ ಹೋಗಿ ಕುಳಿತರು. ಮುಂದಿನದನ್ನು ಗ್ಯಾರೆಟ್‌ನ ಚಿಕ್ಕಪ್ಪ ಲೀರಾಯ್ ನನಗೆ ಎಷ್ಟೋ ಸಲ ಹೇಳಿದ್ದಾನೆ.

"ಇದು ನಮ್ಮಪ್ಪಂದು, ಜೊಲೀನ್. ನಿನ್ನ ಕಾಗದದಲ್ಲಿ ನಮ್ಮಪ್ಪನ ಹೆಸರಿಲ್ಲ" ಎಂದ ಲೀರಾಯ್.

"ಇಲ್ಲಿ ಬಾಗಿಲಿಗೆ ಬೀಗ ಇದೆಯಾ?"

"ಕಾಡಲ್ಲಿ ಯಾರು ಬೀಗ ಹಾಕ್ತಾರೆ?"

"ಹಾಗಾದ್ರೆ ಅದು ಅವನ ಕೈಯಲ್ಲಿದ್ದ ಹಾಗೇ."

ಇಸ್ಪೀಟಿನವರಲ್ಲಿ ಒಬ್ಬ ಕೆಣಕಿದ: "ಜಿಂಕೇನ ಏನು ಬೈದು ಸಾಯಿಸ್ಬೇಕಾ ಅವನು?"

"ಬೈಯೋದ್ರಲ್ಲಿ ಗಟ್ಟಿಗನೇ. ಟ್ರೂಡಿನ ಕೇಳು."

ಆದೇಶ ಗ್ಯಾರೆಟ್‌ನ ಮೇಲಷ್ಟೇ ಇದ್ದುದರಿಂದ, ಲೀರಾಯ್ ವಶದಲ್ಲಿದ್ದ ಕೋವಿಯನ್ನು ಕಸಿದುಕೊಳ್ಳುವ ಅಧಿಕಾರ ಜೊಲೀನ್ ಅವರಿಗಿರಲಿಲ್ಲ. ಅವನು ಕೊಟ್ಟರಷ್ಟೇ ಉಂಟು. ಅದು ಅಲ್ಲಿದ್ದವರೆಲ್ಲರಿಗೂ ಗೊತ್ತಿತ್ತು.

"ಲೀರಾಯ್," ಎಂದರಂತೆ ಅವರು, "ಅಪ್ಪ ಇಲ್ಲದ ಆ ಹುಡುಗೀನ ಚರ್ಚಲ್ಲಿ ಕೈ ಹಿಡಿದು ಕರ್ಕೊಂಡು ಬಂದು ಧಾರೆ ಎರೆದೋನ ಹಾಗೆ ಕೊಟ್ಟೋನು ನೀನು. ಅದೇ ಕೈಯಲ್ಲಿ ಕೋವಿ ಇಳಿಸಿ ಕೊಡು. ಕೊಡೋವರೆಗೂ ನಾನು ಏಳಲ್ಲ. ಒಲೆ ಮೇಲೆ ಏನಿದೆ? ಒಂದು ಬಟ್ಟಲು ಹಾಕು."

ಬಟ್ಟಲು ತುಂಬ ಸಾರು ಬಂತು. ಅವರು ನಿಧಾನವಾಗಿ ಉಂಡರು. ಊಟ ಮುಗಿಯುವ ಮೊದಲೇ ಲೀರಾಯ್ ಎದ್ದು ಕೋವಿ ಇಳಿಸಿ ಅವರ ತೊಡೆಯ ಮೇಲಿಟ್ಟ.

ಸಂಜೆ ಗ್ಯಾರೆಟ್ ಬಂದವನು ಬರಿದಾದ ಮೊಳೆಯನ್ನು ಕಂಡು ಚಿಕ್ಕಪ್ಪನ ಮೇಲೆ ಕೂಗಾಡಿ, ನೇರ ನನ್ನ ಮನೆಗೆ ಗಾಡಿ ಓಡಿಸಿದ. ಅವನು ಹೊರಟ ತಕ್ಷಣ ಲೀರಾಯ್ ಫೋನ್ ಮಾಡಿದ್ದರಿಂದ ಜೊಲೀನ್ ಅವರು ಬೇಗನೆ ತಲುಪಿದರು. ಅಷ್ಟರಲ್ಲಿ ಅವನು ಅಡುಗೆಮನೆಯ ಕಿಟಕಿಗೆ ಬಂದಿದ್ದ. ನನ್ನ ಎಡ ಹುಬ್ಬಿನ ಮೇಲಿನ ಗಾಯದ ಗುರುತು ಆ ಸಂಜೆಯದು. ಅದನ್ನು ನಾನು ಪೌಡರಿನಿಂದ ಮುಚ್ಚುವುದಿಲ್ಲ. ಅದು ಕಲ್ಲೇಟಿನ ಗುರುತು. ಅವನ ಕೈಗೆ ಸಿಕ್ಕಿದ್ದು ಕಲ್ಲು ಮಾತ್ರ.

ಅಂದಿನಿಂದ ನಮ್ಮಲ್ಲಿ ಆದೇಶ ಕೊಡುವಾಗ ನ್ಯಾಯಾಧೀಶರೇ "ತಾತನ ಕೋವಿ ಎಲ್ಲಿದೆ?" ಎಂದು ಕೇಳುತ್ತಾರೆ. ಲೀರಾಯ್ ತನ್ನಪ್ಪನ ಕೋವಿಯನ್ನು ಹಿಂದಕ್ಕೆ ಕೇಳಲಿಲ್ಲ. ವರ್ಷಕ್ಕೊಮ್ಮೆ ಬಂದು, ಕೈ ಹಿಂದೆ ಕಟ್ಟಿಕೊಂಡು ನೋಡಿ ಹೋಗುತ್ತಾನೆ.

ಎಣ್ಣೆಯ ಡಬ್ಬಿ ಈಗ ಹೊಸ ಡೆಪ್ಯುಟಿಯ ಕೈ ಸೇರಿದೆ. ಆದರೂ "ಸರಿಯಾಗಿ ಹಚ್ತಾರೋ ಇಲ್ವೋ, ನೋಡೋಕೆ ಬರ್ತೀನಿ" ಎಂದು ಜೊಲೀನ್ ಅವರು ಈಗಾಗಲೇ ಎಚ್ಚರಿಸಿದ್ದಾರೆ. ಅವರು ನೂರ್ಕಾಲ ಬಾಳಲಿ, ಮೊಣಕಾಲು ನೋವು ಅವರಿಗೆ ಹೆದರಿ ದೂರವಿರಲಿ, ಆ ಕೋಣೆಯ ಬೀಗ ಎಂದೂ ಸಡಿಲವಾಗದಂತೆ ಅವರ ಕಣ್ಣು ನಮ್ಮೆಲ್ಲರ ಮೇಲಿರಲಿ. ಪ್ರತಿ ಶರತ್ಕಾಲಕ್ಕೂ ಬನ್ನಿ, ಅಕ್ಕಾ. ಕಾಫಿ ಇಟ್ಟುಕೊಂಡು ಕಾಯುವುದಕ್ಕೆ ನಾನಿದ್ದೇನೆ.