ಅಣ್ಣನ ಮೈಯ ಕಬ್ಬಿಣ

ಜೂನ್ 14, ಶನಿವಾರ, ಬೆಳಗ್ಗೆ 6.40. ಅಣ್ಣ ಸ್ನಾನಕ್ಕೆ ಹೋಗಿದ್ದಾನೆ. ಹೊನ್ನಾಳಿಯಿಂದ ದಾವಣಗೆರೆ ಬಸ್ಸಿಗೆ ಇನ್ನೂ ಹೊತ್ತಿದೆ.

ನನಗೆ ಎಣಿಸುವ ಚಟ. ಅಮ್ಮ ದಿನಕ್ಕೆ ಎಷ್ಟು ಸಲ ಕನ್ನಡಕ ಹುಡುಕುತ್ತಾಳೆ ಎಂಬುದೂ ಡೈರಿಯಲ್ಲಿದೆ. ಹಾಗಾಗಿ ಅಣ್ಣನಿಗೆ ಸುಸ್ತು ಶುರುವಾದಾಗ ಅಮ್ಮನ ಮದ್ದಿನ ಲೆಕ್ಕವೂ ನನ್ನ ಪಾಲಿಗೇ ಬಂತು. ಕುಡುಗೋಲನ್ನು ಕೆಂಪಗೆ ಕಾಸಿ ಮಜ್ಜಿಗೆಗೆ ಅದ್ದಿ, ಆ ಮಜ್ಜಿಗೆಯನ್ನು ಖಾಲಿ ಹೊಟ್ಟೆಗೆ ಕುಡಿಸುವುದು. ರಕ್ತ ಕಡಿಮೆಯಾದವರಿಗೆ ನಮ್ಮ ಮನೆಯಲ್ಲಿ ಇದೇ ಚಿಕಿತ್ಸೆ. ಮೂವತ್ತೇಳು ಲೋಟ. ಒಂದೂ ತಪ್ಪದಂತೆ ಗೀಟು ಹಾಕಿದವಳು ನಾನೇ.

ರಕ್ತಪರೀಕ್ಷೆ ಬೇರೆಯದನ್ನೇ ಹೇಳಿತು. ಅಣ್ಣನ ಮೈಯಲ್ಲಿ ಕಬ್ಬಿಣ ವಿಪರೀತ ಹೆಚ್ಚು. ಊಟದ ಕಬ್ಬಿಣಕ್ಕೆ ‘ಸಾಕು’ ಎನ್ನಬೇಕಾದ ಜೀನ್ ಹುಟ್ಟಿನಿಂದಲೇ ಕೆಟ್ಟಿದೆ, ಲಿವರ್ ಗಟ್ಟಿಯಾಗತೊಡಗಿದೆ. ಅಮ್ಮ ಮದುವೆಯಾದದ್ದು ಸ್ವಂತ ಸೋದರಮಾವನನ್ನು, ಆದ್ದರಿಂದ ಆ ಜೀನಿನ ಕೆಟ್ಟ ಪ್ರತಿ ಅಪ್ಪ, ಅಮ್ಮ ಎರಡೂ ಕಡೆಯಿಂದ ಬಂದಿದೆ. ನನಗೂ ಅವೇ ಎರಡು ಪ್ರತಿ. ಆದರೆ ನನ್ನ ಲಿವರ್ ಚೆನ್ನಾಗಿದೆ.

“ಒಂದೇ ಹೊಟ್ಟೆಯಾಗೆ ಹುಟ್ಟಿದೀವಿ, ನನಗಷ್ಟೇ ಯಾಕ್ರೀ?” ಎಂದು ಅಣ್ಣ ದಾವಣಗೆರೆ ಆಸ್ಪತ್ರೆಯ ಡಾಕ್ಟರಮ್ಮನನ್ನು ಕೇಳಿದ.

ಡಾಕ್ಟರಮ್ಮ ನನ್ನ ಮುಟ್ಟಿನ ಬಗ್ಗೆ ವಿಚಾರಿಸಿದರು. ನಾನು ಡೈರಿ ತೆಗೆದು ಆರು ವರ್ಷದ ತಾರೀಖು ಓದಲು ಶುರುಮಾಡಿದೆ. “ಸಾಕಮ್ಮ” ಎಂದರು. ತಿಂಗಳು ತಿಂಗಳೂ ಆ ರಕ್ತದೊಡನೆ ನನ್ನ ಮೈ ಒಂದಿಷ್ಟು ಕಬ್ಬಿಣ ಕಳೆದುಕೊಳ್ಳುತ್ತಿದೆ. ಅದಲ್ಲದೆ ಬೇರೆ ಜೀನ್‌ಗಳೂ ಇವೆಯಂತೆ. ಮುಖ್ಯ ಜೀನಿನ ಎಡವಟ್ಟನ್ನು ಕೆಲವು ತಗ್ಗಿಸುತ್ತವೆ, ಕೆಲವು ಏರಿಸುತ್ತವೆ. ಯಾವುದರ ಪಾಲು ಎಷ್ಟು ಎಂಬುದು ಇನ್ನೂ ಪೂರ್ತಿ ತಿಳಿದಿಲ್ಲ. “ಕಾಯಿಲೆ ಮಜ್ಜಿಗೆಯಿಂದ ಬಂದದ್ದಲ್ಲ, ಆದರೆ ಇನ್ನು ಕುಡಿಸಬೇಡಿ” ಎಂದರು. ಅಣ್ಣನ ಕಬ್ಬಿಣ ಇಳಿಯಲು ವಾರಕ್ಕೊಮ್ಮೆ, ಶನಿವಾರ, ಒಂದು ಚೀಲ ರಕ್ತ ತೆಗೆಯಬೇಕು. ತಡಮಾಡಿದರೆ ಲಿವರ್ ಉಳಿಯುವುದು ಕಷ್ಟ.

ಅಮ್ಮ ಬಾಗಿಲಿಗೆ ಅಡ್ಡ ನಿಂತಳು. “ಸುಸ್ತಾದೋನ ಮೈಯಾಗಿಂದ ರಕ್ತ ತೆಗೀತಾರಂತೆ. ನಾ ಕಳಿಸಂಗಿಲ್ಲ.”

ಎರಡು ಶನಿವಾರ ಹೀಗೇ ದಾಟಿದವು. ಮೂರನೆಯ ಶನಿವಾರ ನಾನು ಕೇಳಿದೆ: “ನಂದು ತಿಂಗ್ಳು ತಿಂಗ್ಳೂ ಹೋಗ್ತೈತಲ್ಲ ಅಮ್ಮ, ನಾ ಸತ್ನಾ?”

ಅಮ್ಮ ಬಾಗಿಲಿನಿಂದ ಸರಿದಳು. ಅಣ್ಣ ಚಪ್ಪಲಿ ಮೆಟ್ಟುತ್ತಾ, “ಹಂಗಾರೆ ನನಗೂ ಮೂರು ದಿನ ಕೆಲಸಕ್ಕೆ ರಜಾ ಕೊಡ್ರಿ” ಎಂದ.

ಇವತ್ತು ಐದನೆಯ ಚೀಲ. ಕಬ್ಬಿಣ ಇಳಿಯುತ್ತಿದೆ, ನಿಧಾನವಾಗಿ. ಪ್ರೀತಿ ಎಂದರೆ ತುಂಬಿಸುವುದು ಎಂದುಕೊಂಡಿದ್ದ ಮನೆ ನಮ್ಮದು. ಈಗ ಅಮ್ಮನೇ ಚೀಲ ತುಂಬಿತೇ ಎಂದು ಬಗ್ಗಿ ನೋಡುತ್ತಾಳೆ.

ನಿಮ್ಮ ಮನೆಯಲ್ಲೂ ಈ ಕಾಯಿಲೆ ಒಡಹುಟ್ಟಿದವರಲ್ಲಿ ಒಬ್ಬರಿಗೆ ಹೆಚ್ಚು, ಒಬ್ಬರಿಗೆ ಕಡಿಮೆ ಬಂದಿದ್ದರೆ, ಕಾರಣ ಬಲ್ಲವರು ದಯವಿಟ್ಟು ಬರೆಯಿರಿ. ನನ್ನನ್ನು ಈ ಕಾಯಿಲೆಯಿಂದ ಕಾಪಾಡುತ್ತಿರುವುದು ಯಾವುದೆಂದು ತಿಳಿದರೆ, ಅದರಲ್ಲಿ ಅರ್ಧ ಅಣ್ಣನಿಗೆ ಕೊಡಲು ಬರುತ್ತದೆಯೇ ಎಂದು ಕೇಳಬೇಕಾಗಿದೆ.