ಶರಣಪ್ಪ ಕಾಕಾ ಸೋತ ಆಟಗಳು

ಶರಣಪ್ಪ ಕಾಕಾ ಚದುರಂಗದಲ್ಲಿ ಸೋತರೆ ಕೂಡಲೇ ಚಹಾ ಮುಟ್ಟುತ್ತಿರಲಿಲ್ಲ. ಕಾಕಿ ತಂದಿಟ್ಟ ಕಪ್ಪನ್ನು ಪಕ್ಕಕ್ಕೆ ಸರಿಸಿ, ಸೋತ ಆಟವನ್ನು ಉದ್ದನೆಯ ನೋಟ್‌ಬುಕ್ಕಿನಲ್ಲಿ ನಡೆನಡೆಯಾಗಿ ಬರೆದು, ಎಡವಿದ ಕಡೆ ಕೆಂಪು ಗೆರೆ ಎಳೆದ ಮೇಲೆಯೇ ಚಹಾ. ಅಷ್ಟರಲ್ಲಿ ಅದು ಆರಿ ನೀರಾಗಿರುತ್ತಿತ್ತು. ಗೆದ್ದ ಆಟಕ್ಕೆ ಆ ಪುಸ್ತಕದಲ್ಲಿ ಜಾಗವೇ ಇರಲಿಲ್ಲ.

ಲಿಂಗಂಪಲ್ಲಿಯಲ್ಲಿ ಅವರ ಮನೆಯ ಮೇಲಿನ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ಕಂಡವರೆಲ್ಲ ಅಮೀರ್‌ಪೇಟ್‌ನ ಕಂಪ್ಯೂಟರ್ ಕ್ಲಾಸುಗಳಿಗೆ ಹೋಗಿ ಜಾವಾ ಕಲಿಯುತ್ತಿದ್ದ ಕಾಲ; ನಾನೂ ಕಲಿಯುತ್ತಿದ್ದೆ. ಕಲಬುರಗಿ ಕಡೆಯ ಕಾಕಾ ಇಲ್ಲಿನ ಸರಕಾರಿ ಕಾರ್ಖಾನೆಯಲ್ಲಿ ಲೇತ್ ಮಷಿನ್ ನಡೆಸಿ ನಿವೃತ್ತರಾದವರು. ಅವರ ಫೋನಿನ ತಂತಿಯನ್ನೇ ನನ್ನ ಕಂಪ್ಯೂಟರಿಗೆ ಎಳೆದಿದ್ದೆವು. ಬೆಳಿಗ್ಗೆ ಅವರು ಇಂಟರ್ನೆಟ್ಟಿನಲ್ಲಿ ಆಟಕ್ಕೆ ಕೂತರೆಂದರೆ ಕಾಕಿಯ ಫೋನು ಸತ್ತಂತೆಯೇ.

ಸೋತದ್ದನ್ನೇ ಏಕೆ ಬರೆಯುತ್ತೀರೆಂದು ಕೇಳಿದರೆ, "ಕೆಟ್ಟ ಪೀಸ್ ಒಗೀಬಾರದು ತಂಗಿ," ಎನ್ನುವರು. "ಲೇತಿನ ಬಾಜೂಕ ಇಟ್ಕೋಬೇಕು. ನೋಡ್ಕೋತ ಇದ್ರ ಇನ್ನೊಂದು ಕೆಡಂಗಿಲ್ಲ."

ಅವರದು ಊರಕಟ್ಟೆಯ ಆಟ. ಅಲ್ಲಿ ಪ್ಯಾದೆ ಮೊದಲ ಸಲವೂ ಒಂದೇ ಮನೆ ನಡೆಯುತ್ತದೆ. ಇಂಟರ್ನೆಟ್ಟಿನ ಆಟದಲ್ಲಿ ಎರಡು ಮನೆ ಹಾರಬಹುದೆಂದು ತಿಳಿದದ್ದೇ ತಡ, ಹಿಗ್ಗಿ ಹಾರಿಸತೊಡಗಿದರು. ಒಂದು ದಿನ ಹಾಗೆ ಹಾರಿದ ಪ್ಯಾದೆಯನ್ನು, ಅದು ದಾಟಿ ಬಂದ ಮನೆಗೆ ಓರೆಯಾಗಿ ನುಗ್ಗಿ, ಎದುರಾಳಿಯ ಪ್ಯಾದೆ ತಿಂದುಬಿಟ್ಟಿತು.

"ಅರೇ! ಖಾಲಿ ಮನಿಗಿ ಬಂದು ನನ್ನ ಪ್ಯಾದೆ ಹೆಂಗ ತಿಂದಾ? ಬರೀ ತಂಗಿ, ಕಳ್ಳ ಅಂತ ಬರೀ!"

ಅವರಿಗೆ ಇಂಗ್ಲಿಷ್ ಟೈಪಿಂಗ್ ಬಾರದು. ನಾನೂ ಹಿಂದುಮುಂದು ನೋಡದೆ ಆಟದ ಪಕ್ಕದ ಚಾಟಿನಲ್ಲಿ ಬರೆದೆ. ಎದುರಿನವನು ಆಟ ಬಿಟ್ಟು ಹೋದ. ಕಂಪ್ಯೂಟರು ಕಾಕಾ ಗೆದ್ದರೆಂದಿತು.

ಅಂಥದೊಂದು ನಿಯಮ ಉಂಟೆಂದು ಸಂಜೆ ಸಹಪಾಠಿಯೊಬ್ಬ ಹೇಳಿದ. ಮರುದಿನ ಕಾಕಾಗೆ ತಿಳಿಸಿದಾಗ ಅವರ ಮುಖ ಸಪ್ಪಗಾಯಿತು. ನೋಟ್‌ಬುಕ್ ತೆಗೆದು ಆ ಆಟವನ್ನೂ ಬರೆದರು.

"ಇದು ಗೆದ್ದದ್ದಲ್ಲೇನ್ರಿ ಕಾಕಾ?"

"ಎಲ್ಲಿ ಗೆದ್ದೆ? ನನಗ ಆಟಾನೇ ತಿಳೀಲಿಲ್ಲ, ಅವಂಗ ಕಳ್ಳ ಅಂದೆ. ಮಾಫಿ ಕೇಳೂತನಕ ಸಮಾಧಾನ ಇಲ್ಲ ನನಗ."

ಆಮೇಲೆ ದಿನವೂ ಆಟಕ್ಕೆ ಮುಂಚೆ ಆಟಗಾರರ ಪಟ್ಟಿಯಲ್ಲಿ ಅವನ ಹೆಸರು ಹುಡುಕುವರು. ತಿಂಗಳುಗಟ್ಟಲೆ ಸಿಗಲಿಲ್ಲ. ಮೊದಮೊದಲು ನಗುತ್ತಿದ್ದ ನನಗೂ ನಾಚಿಕೆಯಾಗತೊಡಗಿತು. ಬೈದವರು ಕಾಕಾ, ಬರೆದ ಕೈ ನನ್ನದಲ್ಲವೇ?

ನನಗೆ ಪುಣೆಯಲ್ಲಿ ಕೆಲಸ ಸಿಕ್ಕು ಕೋಣೆ ಖಾಲಿ ಮಾಡುವ ಬೆಳಿಗ್ಗೆ ಆ ಹೆಸರು ಕಂಡಿತು. ಕಾಕಾ ಕುರ್ಚಿ ಬಿಟ್ಟು ಎದ್ದೇ ನಿಂತರು. ತಪ್ಪು ನಮ್ಮದು, ಕ್ಷಮಿಸಿ ಎಂದು ಬರೆದೆ. ಉತ್ತರ ಬಂತು: ಯಾವ ಆಟ? ನೆನಪಿಲ್ಲ. ಈಗ ಆಡೋಣವೇ?

ನನಗೆ ನಗು ತಡೆಯಲಾಗಲಿಲ್ಲ.

"ಅವಂಗ ನೆನಪಿಲ್ಲ, ಖರೆ. ನನಗ ಐತಲ್ಲ," ಎಂದು ಕಾಕಾ ಆಟಕ್ಕೆ ಕೂತರು.

ನಾನು ಅವರನ್ನು ಕಂಡದ್ದು ಅದೇ ಕೊನೆ, ಈಗ ಅವರಿಲ್ಲ. ಅಂದು ಕೂಡ ಅವರು ಸೋತರು, ಚೆನ್ನಾಗಿಯೇ ಸೋತರು. ಆದರೆ ಕಾಕಿ ತಂದ ಚಹಾವನ್ನು ಬಿಸಿಬಿಸಿಯಾಗಿ ಕುಡಿದು ಮುಗಿಸಿ, ಆಮೇಲೆ ನೋಟ್‌ಬುಕ್ ತೆರೆದರು.